ತಡವಾಗಿ ಬಡಿದ ಕಂಚು

ನೀನು ಹುಟ್ಟಿದ ದಿನ ಅಂಗಳಕ್ಕಿಳಿದು
ಒಂದು ಗುಂಡು ಹಾರಿಸಿದ್ದೆ ಆಕಾಶಕ್ಕೆ.
ಕಕ್ಕಬ್ಬೆಯ ತನಕ ಕೇಳಿಸಿತ್ತಂತೆ:
ಗಂಡು ಹುಟ್ಟಿದೆ.
ಹೆಣ್ಣಾಗಿದ್ದರೆ ಕಂಚಿನ ತಟ್ಟೆ ಬಡಿಯುತ್ತಿದ್ದೆವು,
ಸಾವಿಗಾದರೆ ಎರಡು ಗುಂಡು.
ನಮ್ಮಲ್ಲಿ ಸುದ್ದಿಗೆ ಇಷ್ಟೇ ವ್ಯಾಕರಣ.

ಹತ್ತೊಂಬತ್ತು ವರ್ಷ ಆ ಒಂದು ಸದ್ದಿನೊಳಗೆ
ನೀನು ಹೇಗಿದ್ದೆಯೋ, ನಾನು ಕೇಳಲಿಲ್ಲ.
ಹಾಕಿ ಸ್ಟಿಕ್ ಕೊಡಿಸಿದೆ. ಕುಪ್ಯ ಹೊಲಿಸಿದೆ. ಚೇಲೆ ಕಟ್ಟಿದೆ.
ಮದುವೆಮನೆಯ ಫೋಟೋಗಳಲ್ಲೆಲ್ಲ ನೀನು
ಎರವಲು ಅಂಗಿ ಮರಳಿಸಲು ಕಾದವರ ಹಾಗೆ.

ರಾತ್ರಿ ಹನ್ನೊಂದೂವರೆಗೆ ಫೋನು ಮಾಡಿದ್ದು ನಿನ್ನ ಗೆಳತಿ ರುಬೀನಾ:
ಅಂಕಲ್, ಬೈಬೇಡಿ. ಈಗಲೇ ಮೈಸೂರಿಗೆ ಬನ್ನಿ.
ತಿತಿಮತಿಯಲ್ಲಿ ಆನೆ ದಾಟುವ ತನಕ
ಲೈಟು ಆರಿಸಿ ನಿಂತೆ, ಇಪ್ಪತ್ತು ನಿಮಿಷ.
ಪಲ್ಟನ್ನಿನಲ್ಲೂ ಅಷ್ಟು ಹೆದರಿರಲಿಲ್ಲ.

ಡಾಕ್ಟರಮ್ಮ ಹೇಳಿದ್ದರು, ನೇರ ಕೇಳಿ,
ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ.
ಸಾಯಬೇಕು ಅನಿಸುತ್ತಾ ಮಗಾ?
ಜೀಪಿನಲ್ಲಿ ಕೇಳಿದೆ, ರಸ್ತೆ ನೋಡುತ್ತಾ,
ಮುಖ ನೋಡಿ ಕೇಳಲು ನನಗೆ ಬರಲಿಲ್ಲ.
ಬಹಳ ಹೊತ್ತಿನ ಮೇಲೆ ನೀನು ಹೂಂ ಎಂದೆ.
ಆಮೇಲೆ: ಸಾಯಬೇಕು ಅಂತಲ್ಲ ಅಪ್ಪ,
ಉತ್ತಯ್ಯನಾಗಿ ಬದುಕೋಕೆ ಆಗ್ತಿಲ್ಲ.

ಮರುದಿನವೇ ಕೋವಿ ಅಮ್ಮತ್ತಿಯ ಬಾವನ ಮನೆ ಸೇರಿತು.
ಬೀಗದ ಕೈ ಕೂಡ ನನ್ನ ಬಳಿ ಇಲ್ಲ.
ಅವ್ವ ನಿನ್ನ ಕೋಣೆಯ ಹೊಸ್ತಿಲಿಗೆ ಚಾಪೆ ಹಾಸಿದಳು,
ಸೊಂಟನೋವಿಗೆ ನೆಲ ಒಳ್ಳೆಯದು ಎಂಬ ನೆಪ.
ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ
ನೀನು ಎರಡು ಚಮಚ ತಿಂದೆ,
ಅಷ್ಟಕ್ಕೇ ಅವಳು ಹಿತ್ತಿಲಿಗೆ ಹೋಗಿ ಅತ್ತಳು.
ಆ ಸೊಪ್ಪಿನಲ್ಲಿ ಹದಿನೆಂಟು ಮದ್ದಂತೆ.
ಹತ್ತೊಂಬತ್ತನೆಯದು ಮಡಿಕೇರಿಯ ಗುರುವಾರ:
ಆಸ್ಪತ್ರೆಯ ಬೆಂಚು, ಟೋಕನ್ನು, ಒಳಗೆ ನೀನು,
ಹೊರಗೆ ಅದೇ ಪೇಪರು ಮೂರು ಸಲ ಓದುವ ನಾನು.

ಕೈಲ್‌ಪೊಳ್ದಿಗೆ ಬಂದವರು ಕೇಳಿದರು, ಕೋವಿ ಎಲ್ಲಿ?
ದೀಪದ ಮುಂದೆ ಬರೀ ತೋಕ್‌ಪೂ.
ರಿಪೇರಿಗೆ ಕೊಟ್ಟಿದ್ದೇನೆ ಎಂದೆ.
ರಿಪೇರಿಯಲ್ಲಿದ್ದದ್ದು ಕೋವಿಯಲ್ಲ. ಇರಲಿ.

ಎಲ್ಲ ಸರಿಹೋಯಿತು ಎನ್ನಲಾರೆ.
ಮಾಚಯ್ಯ ಮಾವ ಮನೆಗೆ ಬರುವುದು ಬಿಟ್ಟಿದ್ದಾರೆ.
ನನಗೂ ನಾಲಿಗೆ ತಪ್ಪುತ್ತದೆ, ದಿನಕ್ಕೆರಡು ಸಲ.
ಕೆಲವು ರಾತ್ರಿ ನಿನ್ನ ಕೋಣೆಯ ಲೈಟು ಆರುವುದೇ ಇಲ್ಲ,
ಆಗ ಎರಡು ಲೋಟ ಬೆಲ್ಲದ ಕಾಫಿ ಹಿಡಿದು
ಬಾಗಿಲು ತಟ್ಟುತ್ತೇನೆ. ಇಸ್ಪೀಟು ಆಡುತ್ತೇವೆ.
ನೀನು ಮೋಸ ಮಾಡುತ್ತೀ.

ಇಷ್ಟೆಲ್ಲ ಹೊಸ ಹೆಸರಿರುವಾಗ ನೀನು ಆರಿಸಿದ್ದು
ನನ್ನ ಅಜ್ಜಿಯ ಹೆಸರು, ಚೋಂದಮ್ಮ,
ಹಲ್ಲೆಲ್ಲ ಉದುರಿದ ಮುದುಕಿಯ ಹೆಸರು.
ನನಗೆ ನಗು ಬಂತು, ಆಮೇಲೆ ಬೇರೇನೋ ಬಂತು:
ಅಂದರೆ ಅಷ್ಟು ಮುದುಕಿಯಾಗುವ ತನಕ
ಇರುವ ಅಂದಾಜು ಇದೆ ನಿನಗೆ.

ಇವತ್ತು ಅಟ್ಟದಿಂದ ಕಂಚಿನ ತಟ್ಟೆ ಇಳಿಸಿ
ಹುಣಸೆಹಣ್ಣು ಹಾಕಿ ತಿಕ್ಕಿದ್ದೇನೆ.
ಯಾವುದರಲ್ಲಿ ಬಡಿಯುತ್ತಾರೋ ಗೊತ್ತಿಲ್ಲ,
ಕೈಗೆ ಸಿಕ್ಕಿದ್ದು ನಿನ್ನ ಹಳೆಯ ಹಾಕಿ ಸ್ಟಿಕ್.
ಅಂಗಳಕ್ಕೆ ಬಾ, ಮೋವ.
ಕಕ್ಕಬ್ಬೆಗೆ ಕೇಳಿಸದಿದ್ದರೂ ಆಗುತ್ತದೆ.