ಬೋಳುಗೈ

ಟೂಸಾನ್ ಊರಾಚೆ, ಗೋಡೆಯ ಮೇಲೆ ಕಳ್ಳಿಯ ನೆರಳು.
ನಾಳೆ ಹಾಲ್ವರ್ಸನ್ ಮಗಳ ಮದುವೆ ಔತಣವಂತೆ;
ಈಜುಕೊಳದ ಅಂಚಿಗೆ ಹೊಸ ಬೆಂಕಿಬಟ್ಟಲು,
ಗುಂಡಿ ಒತ್ತಿದರೆ ಭಗ್ಗೆಂದು ನೀಲಿ.

‘ಸಹಿ ಹಾಕಿಬಿಡಿ, ಮೇಡಂ ಬ್ರಾಕಮಾಂಟೆ.
ಆರಿಸಲು ನೀರು ಪಕ್ಕದಲ್ಲೇ ಇದೆಯಲ್ಲ!’
ನಗುತ್ತಾನೆ. ನಾನೂ ನಗುತ್ತೇನೆ,
ಮಂಡಿಯೂರಿ ಹಾಸುಗಲ್ಲು ಎತ್ತುತ್ತ.

ಬೆಂಕಿ ಕಣ್ಣಿಗೆ ಕಾಣುತ್ತದೆ, ನೀರು ಕೈಗೆ ಸಿಗುತ್ತದೆ.
ನಾನು ಬಂದದ್ದು ಮೂರನೆಯವನನ್ನು ಹುಡುಕಿ.
ಬಣ್ಣವಿಲ್ಲ, ವಾಸನೆಯಿಲ್ಲ,
ಒದ್ದೆ ಪಾದವೆಂದರೆ ಪ್ರಾಣ ಅವನಿಗೆ.

ಏಣಿ, ಕಂಬಿ, ಪಂಪು, ಕಾಂಕ್ರೀಟಿನೊಳಗಿನ ಸರಳು,
ಎಲ್ಲರ ಕೈಗೂ ಒಂದೇ ತಾಮ್ರದ ಬಳೆ.
ಬಟ್ಟಲಿನದು ಮಾತ್ರ ಬೋಳುಗೈ.
ಕಿಡಿ ಹೊತ್ತಿಸುವ ತಂತಿ
ಸಿಪ್ಪೆ ಸುಲಿದು ತೇವದಲ್ಲಿ ಮಲಗಿದೆ.

‘ಇದೊಂದು ನಾಯಿ,’ ಆತ ಮಾತು ತಿರುಗಿಸುತ್ತಾನೆ,
‘ವಾರದಿಂದ ಕೊಳಕ್ಕೆ ಮೂತಿ ಇಟ್ಟರೆ
ಕುಂಯ್ ಅಂತ ಓಡುತ್ತೆ. ವಯಸ್ಸಾಯ್ತು ಮೋಚೋಗೆ.’

ಮೊದಲು ಮೇನ್ ಸ್ವಿಚ್ಚು ಇಳಿಸಿದೆ.
ಆಮೇಲೆ ಕೆಂಪು ಚೀಟಿ.
ಪತ್ತೆ ಹಚ್ಚಿದವರು ಅನ್ನುವ ಜಾಗದಲ್ಲಿ
‘ಮೋಚೋ’ ಎಂದು ಬರೆದು,
ಹೊಡೆದುಹಾಕಿ,
ನನ್ನ ಹೆಸರು ಬರೆದೆ.