ಕರೆಂಟು ಹೋದ ಮೂರನೆಯ ದಿನ

ಇನಿಸ್‌ಫೇಲ್, ಫೆಬ್ರವರಿ.
ಚಂಡಮಾರುತ ಪಶ್ಚಿಮಕ್ಕೆ ಹೋಗಿ ಸುಸ್ತಾಗಿ ಮಲಗಿತಂತೆ,
ಹಾಗೆಂದು ಹೇಳಿ ರೇಡಿಯೋದ ಬ್ಯಾಟರಿಯೂ ಮಲಗಿತು.
ಬಾಳೆತೋಟಗಳೆಲ್ಲ ಒಂದೇ ದಿಕ್ಕಿಗೆ ಬಿದ್ದಿವೆ,
ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ.

ಫ್ರೀಜರಿನ ಬಾಗಿಲಿಂದ ಹಳದಿ ಹನಿ.
ನವೆಂಬರಿನಲ್ಲಿ ಹೆಚ್ಚಿಟ್ಟ ಮಾವು, ಹನ್ನೊಂದು ಡಬ್ಬಿ,
ಅನಾನಸ್ಸು, ಪ್ಯಾಶನ್‌ಫ್ರೂಟಿನ ತಿರುಳು,
ಯಾರೋ ಕೊಟ್ಟು ನಾನು ಮರೆತ ಲಕ್ಷ್ಮಣಫಲ,
ಎಲ್ಲ ಬೆವರುತ್ತಿವೆ,
ಪರೀಕ್ಷೆಯ ಕೊನೆಯ ಹತ್ತು ನಿಮಿಷದ ಮಕ್ಕಳಂತೆ.

ಚೆಲ್ಲಿಬಿಡೋಣವೆಂದು ಬಕೆಟ್ಟು ಹಿಡಿದು ನಿಂತಿದ್ದೆ.
ಡೊರೀನ್ ಬಂದಳು. ಸಕ್ಕರೆ ಕಾರ್ಖಾನೆಯಲ್ಲಿ
ಮೂವತ್ತು ವರ್ಷ ಕಬ್ಬಿನ ತೂಕ ಬರೆದವಳು,
ಮೊನ್ನೆ ರಾತ್ರಿ ಮನೆಯ ಅರ್ಧ ತಗಡನ್ನು ಗಾಳಿಗೆ ಕೊಟ್ಟವಳು.
ನಡುವೆ ಬೇಲಿ ಇಲ್ಲದ್ದರಿಂದ ನೆಟ್ಟಗೆ ನಡೆದೇ ಬಂದಳು,
ಕಂಕುಳಲ್ಲಿ ಬಾಟಲಿ.
"ಕಪಾಟು ಬಿತ್ತು, ಇದೊಂದು ಬೀಳಲಿಲ್ಲ.
ಚೆಲ್ಲುತ್ತಾಳಂತೆ, ಚೆಲ್ಲುತ್ತಾಳೆ!"

ರಮ್ಮಿನ ವಾಸನೆ ನನಗೆ ಹೊಸದಲ್ಲ.
ಹಿರಿಯೂರಿನ ಪಶು ಆಸ್ಪತ್ರೆಯಲ್ಲಿ ಅಪ್ಪ ಕಾಂಪೌಂಡರು.
ಚಳಿ ಹತ್ತಿದ ಎತ್ತಿಗೆ ಬೆಲ್ಲ, ಶುಂಠಿ, ಒಂದು ಗೊಟ್ಟ ರಮ್ಮು.
ಎತ್ತು ತಲೆ ಕೊಡವಿದರೆ ಅಪ್ಪನ ಅಂಗಿಗೆಲ್ಲ ಘಮಲು.
ಆ ಅಂಗಿಯನ್ನು ಅಮ್ಮ ಬೇರೆ ಬಕೆಟ್ಟಿನಲ್ಲಿ ನೆನೆಸುತ್ತಿದ್ದಳು,
ಮಾತಾಡದೆ.
ಎತ್ತು ಕುಡಿದದ್ದೆಷ್ಟು, ಅಪ್ಪ ಕುಡಿದದ್ದೆಷ್ಟು,
ರಿಜಿಸ್ಟರಿನಲ್ಲಿ ಬರೆದಿಲ್ಲ.

ಮಿಕ್ಸಿಯ ಗುಂಡಿ ಒತ್ತಿದೆ. ಒತ್ತಿ ನೆನಪಾಯಿತು.
ಪೆಟ್ಟಿಗೆಯ ತಳದಿಂದ ಕಡೆಗೋಲು ತೆಗೆದೆ,
ಹದಿನಾಲ್ಕು ವರ್ಷ ಮೊಸರಿನ ಮುಖ ಕಾಣದ್ದು.
ಅಂಗೈಗಳ ನಡುವೆ ಅದು ಸರಕ್ಕೆಂದು ತಿರುಗಿದಾಗ
ಮಾವು ಮೊದಲು ಹಠ ಹಿಡಿಯಿತು,
ಆಮೇಲೆ ತಾನೇ ದಾರಿಗೆ ಬಂತು.
ಪ್ಯಾಶನ್‌ಫ್ರೂಟಿನ ಬೀಜ ಮಾತ್ರ ಕೊನೆಯವರೆಗೂ
ಕಣ್ಣು ಬಿಟ್ಟುಕೊಂಡೇ ಇತ್ತು.

ಸಾಲ್ವತೋರೆ ಬಂದ, ಬಾಳೆ ಪೂರಾ ಕಳೆದುಕೊಂಡವನು.
ಗಿಡದಲ್ಲಿ ಉಳಿದದ್ದು ಏಳು ನಿಂಬೆ,
ಏಳನ್ನೂ ಎಣಿಸಿ ಮೇಜಿನ ಮೇಲಿಟ್ಟ.
ಎದುರುಮನೆಯ ಮಾಸ್ಬಿ ಹುಡುಗರು ತೆಂಗಿನಕಾಯಿ ತಂದರು,
ಈ ಸಲ ಯಾರೂ ಮರ ಹತ್ತಬೇಕಾಗಿರಲಿಲ್ಲ.
ಐಸು, ಮೀನಿನ ಪೆಟ್ಟಿಗೆಯದು. ಮೂರು ಸಲ ತೊಳೆದೆವು.
ಆದರೂ ಮೊದಲ ಲೋಟಕ್ಕೆ ಮೀನು ಹಾದುಹೋಗಿತ್ತು,
ಯಾರೂ ಆ ಮಾತು ಎತ್ತಲಿಲ್ಲ.

ಅಳತೆಗೆ ಕೆಮ್ಮಿನ ಔಷಧಿಯ ಮುಚ್ಚಳ.
ದೊಡ್ಡವರಿಗೆ ಎರಡು ಮುಚ್ಚಳ ರಮ್ಮು, ಅರ್ಧ ಹೋಳು ನಿಂಬೆ,
ಹಣ್ಣು ಕಣ್ಣಳತೆ. ಹುಡುಗರಿಗೆ ಬರೀ ಹಣ್ಣು, ಬರೀ ಜಂಬ.
ಡೊರೀನ್ ಬಾಯಲ್ಲಿ ಹೊರಳಿಸಿ ನೋಡಿ
"ಏನೋ ಕಡಿಮೆ" ಎಂದಳು.
ಒಂದು ಚಿಟಿಕೆ ಉಪ್ಪು ಹಾಕಿದೆ,
ಎರಡು ಕಾಳುಮೆಣಸು ಜಜ್ಜಿ ಉದುರಿಸಿದೆ.
ಮತ್ತೆ ಕುಡಿದಳು. "ಇದು..." ಎಂದಳು,
ಮುಂದಿನ ಪದ ಬರಲಿಲ್ಲ.
ಅವಳ ಅಡುಗೆಮನೆಗೆ ಈಗ ನಕ್ಷತ್ರ ಕಾಣುತ್ತವೆ,
ಅತ್ತಲೇ ನೋಡುತ್ತಿದ್ದಳು. ಭುಜ ಅಲುಗಿತು.
ನಗುತ್ತಿದ್ದಾಳೆಂದುಕೊಂಡು ನಾನೂ ನಕ್ಕೆ.
ಸಾಲ್ವತೋರೆ ನನ್ನ ಕಾಲು ಮೆಲ್ಲಗೆ ತುಳಿದ.

ಎಂಟೂ ಇಪ್ಪತ್ತಕ್ಕೆ ಬೀದಿದೀಪ ಮಿಟುಕಿತು.
ಊರಿಗೆ ಊರೇ ಹೋ ಎಂದಿತು.
ಹುಡುಗರು ಫೋನಿಗಾಗಿ ಓಡಿದರು,
ಸಾಲ್ವತೋರೆ ಟೋಪಿ ಹುಡುಕಿಕೊಂಡು ಹೊರಟ,
ಅಂಗಳದಲ್ಲಿ ಖಾಲಿ ಕುರ್ಚಿ, ತಳದಲ್ಲಿ ಬೀಜ ಉಳಿದ ಲೋಟ.
ಡೊರೀನ್ ಏಳಲಿಲ್ಲ.
"ನನ್ನ ತಂತಿ ನೆಲದ ಮೇಲಿದೆ, ನನಗೇನು ಅವಸರ."

ಒಳಗೆ, ಯಾರೂ ಇಲ್ಲದ ಅಡುಗೆಮನೆಯಲ್ಲಿ
ನಾನು ಆರಿಸದೆ ಬಿಟ್ಟ ಮಿಕ್ಸಿ
ಖಾಲಿ ಜಾರಿನಲ್ಲಿ ಗರ್ರೆಂದು ತಿರುಗತೊಡಗಿತು.
ಎದ್ದೆ.
"ಬಿಡು, ತಿರುಗಲಿ" ಎಂದಳು, ಲೋಟ ಮುಂದೆ ಚಾಚಿ.
ಕೂತೆ. ಕಡೆಗೋಲು
ಇನ್ನೂ ಒದ್ದೆಯಾಗಿತ್ತು.