ಶೀಶೆ ನಂಬರ್ ಹದಿನೇಳು

ಪುಟ್ಟಸಿದ್ದಮ್ಮ, ಮೂವತ್ತೆಂಟು, ಹೆಣ್ಣು.
ಡ್ಯೂಟಿ ಇಳಿದವಳು ಖಾಕಿಯಲ್ಲೇ ಬಂದಿದ್ದಾಳೆ
ಕಲಾಸಿಪಾಳ್ಯದ ನಮ್ಮ ಲ್ಯಾಬಿಗೆ.
ಶೀಶೆಯನ್ನು ಕರವಸ್ತ್ರದಲ್ಲಿ ಸುತ್ತಿ ಕೊಟ್ಟಳು, ಕದ್ದ ಮಾಲಿನ ಹಾಗೆ.
"ಉರಿ ಕಣಮ್ಮ, ಮೆಣಸಿನಕಾಯಿ ಅರೆದಿಟ್ಟಂಗೆ."

ನೀರು ಕುಡಿಯಲ್ವಾ, ಅಂದೆ.
"ಕುಡಿದು ಹೋಗೋದೆಲ್ಲಿಗೆ?
ರೂಟಿನ ಆ ತುದಿಯಲ್ಲಿ ಬೀಗ, ಈ ತುದಿಯಲ್ಲಿ ಬಾಗಿಲೇ ಇಲ್ಲ.
ನಾಲ್ಕೂವರೆಯಿಂದ ಎರಡರ ತನಕ ಕಟ್ಟಿಕೊಂಡೇ ಇರೋದು."

ಶೀಶೆ ಎತ್ತಿ ಕಿಟಕಿಗೆ ಹಿಡಿದೆ. ಮೋಡ.
ಮಷಿನ್ನು ಐದು ನಿಮಿಷ ಗುಂಯ್‌ಗುಟ್ಟಿತು.
ತಳದ ಒಂದು ಹನಿ, ಮೇಲೊಂದು ಗಾಜಿನ ರೆಪ್ಪೆ,
ಕಣ್ಣಿಟ್ಟೆ.
ಜಗಳ ಮುಗಿದ ಮೇಲಿನ ಬೀದಿ ಅದು.
ನಡೆದದ್ದನ್ನು ನಾನೇ ಊಹಿಸಬೇಕು:

ಹೊಳೆಗೆ ಎದುರಾಗಿ ಈಜಿ ಬಂದ ಟಿಕೆಟ್ಟಿಲ್ಲದವನು.
ಮೈತುಂಬ ಕೂದಲೆಳೆ, ಎಳೆಯ ತುದಿಗೊಂದು ಪ್ರೋಟೀನಿನ ಕೊಕ್ಕೆ.
ಮೂತ್ರಕೋಶದ ಗೋಡೆಯ ಸಕ್ಕರೆ ಹುಡುಕಿ
ಸಿಕ್ಕಿಸಿಕೊಳ್ಳುತ್ತಾನೆ.
ಹರಿವು ಜಗ್ಗಿದಷ್ಟೂ ಬಿಗಿ ಆ ಹಿಡಿತ,
ಬ್ರೇಕ್ ಬಿದ್ದಾಗ
ಮೇಲಿನ ಕಂಬಿಯ ಸುತ್ತ ಬಿಗಿಯುವ ಬೆರಳಿನಂತೆ.
ಪುಟ್ಟಸಿದ್ದಮ್ಮನಿಗೆ ಹೇಳಿದ್ದರೆ ಥಟ್ಟನೆ ತಿಳಿಯುತ್ತಿತ್ತು.

ಆದರೆ ಗೋಡೆಯೂ ಕುರುಡಲ್ಲ.
ಅಲ್ಲಿ ಕಾವಲು ನಿಂತವರಿಗೆ ಯಾರೂ ಪಾಠ ಹೇಳಿಲ್ಲ,
ಹಳೆಯ ಜ್ವರಗಳ ನೆನಪಿಲ್ಲ, ಕಡತವಿಲ್ಲ.
ಹುಟ್ಟುವಾಗ ಅಂಗೈಯಲ್ಲಿ ಬರೆದು ಕಳಿಸಿದಷ್ಟೇ ವಿದ್ಯೆ:
ಈ ಕೊಕ್ಕೆ ನಮ್ಮ ಪೈಕಿಯದಲ್ಲ,
ಈ ಬಾಲದ ನೂಲು ನಮ್ಮ ಮಗ್ಗದ್ದಲ್ಲ.
ತಡವಿದರು. ಅಷ್ಟೆ.
ಸೀಟಿ.

ಸೀಟಿ ಕೇಳಿ ನೆತ್ತರಿನಿಂದ ಧುಮುಕಿದರು ಬಿಳಿಯರು,
ನಿಲ್ಲದ ಬಸ್ಸಿನಿಂದ ಇಳಿದ ಹಾಗೆ,
ಸಂದಿನಲ್ಲಿ ಮೈ ಹಿಂಡಿಕೊಂಡು ತೂರಿದರು.
ನಾಳೆಯ ಯೋಚನೆ ಇಲ್ಲದವರು. ನುಂಗಿದರು, ಸತ್ತರು.
ಗೋಡೆಯ ಮೇಲ್ಪದರವೋ
ಅಂಟಿದ ವೈರಿಯ ಸಮೇತ ತಾನೇ ಕಳಚಿಕೊಂಡು
ಹೊಳೆಗೆ ಬಿತ್ತು.
ಉರಿ ಅಂದಳಲ್ಲ, ಅದರಲ್ಲಿ ಅರ್ಧ
ಅವಳ ಕಡೆಯವರು ಹಚ್ಚಿದ್ದು.

ರಿಪೋರ್ಟಿನಲ್ಲಿ ಬರೆದೆ: ಪಸ್ ಸೆಲ್ಸ್, ಎಣಿಕೆಗೆ ಮೀರಿ.
ಬಣ್ಣಕ್ಕೆ ಕಾಲಂ ಇದೆ, ಸಕ್ಕರೆಗಿದೆ, ಹುಳಿಗಿದೆ.
ಬೀಗಕ್ಕಿಲ್ಲ.

ಬೆರಳ ಸಂದಿನಲ್ಲಿ ಮಡಚಿಟ್ಟ ಹತ್ತರ ನೋಟುಗಳು,
ನೋಡದೆಯೇ ಎಣಿಸಿ ಕೊಟ್ಟಳು ನೂರಿಪ್ಪತ್ತು.
ಬಾಗಿಲ ತನಕ ಹೋದವಳು ತಿರುಗಿದಳು.
"ನಿಮ್ಮಲ್ಲಿ ಟಾಯ್ಲೆಟ್ ಚೆನ್ನಾಗದೆ.
ಇನ್ನೊಂದು ಸಲ ಹೋಗಿ ಬರಲಾ?"

ಕೀಲಿ ಮೊಳೆಯಲ್ಲಿ ತೂಗುತ್ತಿತ್ತು, ಕೊಟ್ಟೆ.
ಒಳಗೆ ನಲ್ಲಿ ಬಿಟ್ಟ ಸದ್ದು. ಬಹಳ ಹೊತ್ತು.
ಹದಿನೆಂಟನೆಯ ಶೀಶೆಯವನು ಕೆಮ್ಮಿದ.
ಕಾಯಲಿ.